ಚೆಲುವನದಲ್ಲದ ಮುಖ

ಒಬ್ಬ ತಾಯಿಗೆ ನಾನು ಅವರ ಮಗನದಲ್ಲದ ಮುಖವನ್ನು ಬರೆದುಕೊಟ್ಟೆ. ಇದು ನನ್ನ ಮಗ ಅಲ್ಲ ಎಂದು ಆಕೆ ಹೇಳಿದರು. ಅವನೇ ಎಂದು ನಾನು ಸಾಧಿಸಿದೆ. ಆಮೇಲೆ ವರ್ಷಗಟ್ಟಲೆ ಇದನ್ನು ಯಾರಿಗೂ ಹೇಳಲಿಲ್ಲ — ನನ್ನ ಗಂಡನಿಗೂ.

ನನ್ನ ಹೆಸರು ಅಲಮೇಲು. ಹುಟ್ಟಿದ್ದು ಮೇಲುಕೋಟೆಯಲ್ಲಿ, ದೇವಸ್ಥಾನದ ಕೈಂಕರ್ಯದ ಮನೆಯಲ್ಲಿ. ಮದುವೆಯಾಗಿ ಪಾಂಡವಪುರಕ್ಕೆ ಬಂದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತೇನೆ. ಬಣ್ಣದ ಡಬ್ಬಿ, ಕುಂಚ ಯಾವುದೂ ಇಲ್ಲ. ಮೇಜಿನ ಮೇಲೊಂದು ಹಲಗೆ, ಅದರ ಮೇಲೆ ಓಡಾಡಿಸುವ ಪೆನ್ನು, ಬರೆದದ್ದು ಎದುರಿನ ಪರದೆಯಲ್ಲಿ ಮೂಡುತ್ತದೆ. ಹೆಚ್ಚಾಗಿ ತೀರಿಕೊಂಡವರ ಪಟಗಳನ್ನೇ ಬರೆಸಲು ಬರುತ್ತಾರೆ. ಮಾಸಿಹೋದ ಫೋಟೋ, ಮದುವೆಯ ಗುಂಪಿನಲ್ಲಿ ಯಾರದೋ ಭುಜದ ಹಿಂದೆ ಕಾಣುವ ಅರ್ಧ ಮುಖ — ಏನು ತಂದರೂ ಅದನ್ನು ತುಂಬು ಮುಖವಾಗಿ ಬರೆದುಕೊಡುತ್ತೇನೆ. ಬಿಡುವಿನಲ್ಲಿ ಸುತ್ತಲಿನ ಶಾಲೆಗಳ ಮಕ್ಕಳಿಗೆ ಐಡಿ ಕಾರ್ಡು ಮಾಡಿಕೊಡುವ ಕೆಲಸ.

ದೇವೀರಮ್ಮ ಏನನ್ನೂ ತಂದಿರಲಿಲ್ಲ. ಕಿರಂಗೂರಿನವರು, ಹಸು ಸಾಕಿ ಡೇರಿಗೆ ಹಾಲು ಹಾಕುವವರು. ಹಿಂಡಿ ಬೂಸಾ ಕೊಳ್ಳಲು ಪಾಂಡವಪುರಕ್ಕೆ ಬಂದಾಗ ನನ್ನ ಅಂಗಡಿಯ ಮುಂದೆ ನಿಂತು ಪಟಗಳನ್ನು ನೋಡುತ್ತಿದ್ದರಂತೆ. ಒಂದು ದಿನ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು.

“ನನ್ ಮಗುಂದು ಪೋಟೋ ಇಲ್ಲ ಕಣವ್ವ. ನಾನೇಳ್ತೀನಿ, ನೀ ಬರಿ. ಆಯ್ತದಾ?”

ಮಗನ ಹೆಸರು ಚೆಲುವ. ಆರು ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟಿದ್ದ — ಆಕೆಗಾಗ ಸಣ್ಣ ವಯಸ್ಸು, ಈಗ ಅರವತ್ತರ ಮೇಲೆ. ಶ್ರೀರಂಗಪಟ್ಟಣಕ್ಕೆ ಹೋದಾಗ ಫೋಟೋ ತೆಗೆಸೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರಂತೆ. ಕಬ್ಬು ಕಡಿದಾಗಲಿ, ಹೊಸ ಅಂಗಿ ಹೊಲಿಸೋಣ, ಆಮೇಲೆ ಹೋಗೋಣ — ಹೀಗೆ ಮುಂದಕ್ಕೆ ಹಾಕುತ್ತಿರುವಾಗಲೇ ಜ್ವರ ಬಂದಿತ್ತು. ಗಂಡನೂ ಈಗಿಲ್ಲ. ಮಗಳು ನಾಗಮಂಗಲಕ್ಕೆ ಮದುವೆಯಾಗಿ ಹೋದವಳು, ಚೆಲುವ ಸತ್ತ ಮೇಲೆ ಹುಟ್ಟಿದವಳು. ಆ ಹುಡುಗನ ಮುಖ ಈ ಲೋಕದಲ್ಲಿ ಉಳಿದಿದ್ದದ್ದು ಒಂದೇ ಒಂದು ಕಡೆ — ದೇವೀರಮ್ಮನವರ ನೆನಪಿನಲ್ಲಿ.

“ನಿಮ್ಮೂರ್ ದೇವ್ರ ಹೆಸ್ರೇ ಮಡಗಿದ್ದೊ ಅವುನ್ಗೆ. ನೀನೇ ಬರೀಬೇಕು” ಎಂದರು, ನನ್ನ ತವರು ಮೇಲುಕೋಟೆಯೆಂದು ಕೇಳಿ ತಿಳಿದು.

ಸಂತೆಯ ದಿನ ಬಂದರೆ ಮಧ್ಯಾಹ್ನದ ತನಕ ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ನಾನು ಬರೆಯುತ್ತಿದ್ದೆ, ಆಕೆ ತಿದ್ದಿಸುತ್ತಿದ್ದರು. “ಉಬ್ಬು ಇನ್ನೊಸಿ ಮ್ಯಾಕೆ.” “ಒಂದ್ ಕಿವಿ ಮುಂದುಕ್ ಬಾಗಿತ್ತು, ಎರ್ಡೂ ಒಂದೇ ಥರ ಬರೀಬ್ಯಾಡ.” “ನಗ್ವಾಗ ಎಡಗೆನ್ನೆ ಮಾತ್ರ ಏಳ್ತಿತ್ತು ಕಣವ್ವ, ಬಲಗೆನ್ನೆ ಸುಮ್ನಿರೋದು.” ಮೂಗಿಗೇ ಎಷ್ಟು ದಿನ ಹಿಡಿಯಿತೋ! ತಪ್ಪಾದಾಗ ಆಕೆ ತಲೆ ಅಲ್ಲಾಡಿಸುತ್ತಿರಲಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಒಳಗೆ ನೋಡಿ ಬಂದವರ ಹಾಗೆ ಕಣ್ಣು ತೆರೆದು, ಮತ್ತೆ ಹೇಳುತ್ತಿದ್ದರು. ಅಂಥ ಕೆಲಸವನ್ನು ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ —

ಒಂದು ದಿನ ತುಟಿಯ ಅಂಚನ್ನು ಕೊಂಚ ಎತ್ತಿದೆ, ಅಷ್ಟೆ. ದೇವೀರಮ್ಮ ಎದ್ದು ಪರದೆಯ ಹತ್ತಿರ ಹೋದರು. ಅಂಗೈಯನ್ನು ಆ ಕೆನ್ನೆಯ ಮೇಲಿಟ್ಟರು.

“ಬಂದ್ಬುಟ್ಟ ಕಣವ್ವ” ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನ ವಾರ ಪಟ ತೆಗೆದುಕೊಂಡು ಹೋಗುತ್ತೇನೆಂದು ಹೇಳಿ ಬಸ್ಸಿಗೆ ಹೋದರು.

ಅಲ್ಲಿಗೆ ಕೆಲಸ ಮುಗಿದಿತ್ತು. ಹಾಗೇ ಪ್ರಿಂಟು ತೆಗೆದು, ಕಟ್ಟು ಹಾಕಿಸಿ ಕೊಟ್ಟಿದ್ದರೆ ಆಗಿತ್ತು. ನನಗೆ ಸಾಲಲಿಲ್ಲ. ಮೈಸೂರಿನಲ್ಲಿ ಒಂದು ಚಿತ್ರಪ್ರದರ್ಶನವಿತ್ತು. ಮಾತು ಕೇಳಿಯೇ ಬರೆದ ಮುಖ — ನೋಡಿದವರು ಏನೆಂದಾರು, ನನ್ನ ಬಗ್ಗೆ ಏನು ಬರೆದಾರು ಎಂದು ಮನಸ್ಸು ಓಡಿತು. ಗೋಡೆಯಷ್ಟು ದೊಡ್ಡದಾಗಿ ಅಚ್ಚಾಗಬೇಕೆಂದು ಚಿತ್ರದ ಅಳತೆಯನ್ನು ಹಿಗ್ಗಿಸಿದೆ. ಕೂದಲಿಗೆ ಒಂದು ಪದರ, ಕಣ್ಣಿನ ಹೊಳಪಿಗೆ ಇನ್ನೊಂದು, ಹಿಂದಿನ ಬೆಳಕಿಗೆ ಮತ್ತೊಂದು — ಒಂದರ ಮೇಲೊಂದು ಹೇರುತ್ತಾ ಹೋದೆ.

ನನ್ನ ಕಂಪ್ಯೂಟರು ಅಷ್ಟನ್ನು ಹೊರುವಂಥದ್ದಲ್ಲ. ಅದು ನನಗೆ ಗೊತ್ತಿತ್ತು, ಇದನ್ನು ಮುಚ್ಚಿಡಲಾರೆ. ಕೆಲವು ವಾರಗಳಿಂದ ಚಿತ್ರ ಬರೆಯುವ ಆ ಸಾಫ್ಟ್‌ವೇರು ಇದ್ದಕ್ಕಿದ್ದಂತೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಹಾರ್ಡ್ ಡಿಸ್ಕಿನಲ್ಲಿ ಜಾಗ ಮುಗಿಯುತ್ತಿದೆ ಎಂದು ಎಚ್ಚರಿಕೆ ಬರುತ್ತಲೇ ಇತ್ತು. ನಾನು ‘ಆಮೇಲೆ’ ಎಂದು ಒತ್ತುತ್ತಲೇ ಇದ್ದೆ. ಬರೆಯುತ್ತಿರುವಾಗಲೇ ತಾನಾಗಿ ಸೇವ್ ಮಾಡಿಕೊಳ್ಳುವ ಏರ್ಪಾಡು ಅದರಲ್ಲಿತ್ತು. ಹಾಗೆ ಸೇವ್ ಆಗುವಾಗ ಪೆನ್ನು ಒಂದು ಕ್ಷಣ ಅಂಟಿಕೊಂಡಂತಾಗುತ್ತದೆ ಎಂದು ಅದನ್ನೂ ನಾನೇ ನಿಲ್ಲಿಸಿದ್ದೆ. ಕರೆಂಟು ಹೋದಾಗ ಕಂಪ್ಯೂಟರನ್ನು ನಡೆಸುವ ಯುಪಿಎಸ್‌ನ ಬ್ಯಾಟರಿ ಸತ್ತಿತ್ತು. ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಕೊಂಡಿರಲಿಲ್ಲ. ದಿನಕ್ಕೊಂದು ಹೆಸರಿನಲ್ಲಿ ಬೇರೆ ಬೇರೆ ಇಡಬೇಕಾದದ್ದನ್ನು ಒಂದೇ ಫೈಲಿನ ಮೇಲೆ ಮತ್ತೆ ಮತ್ತೆ —

ಸೇವ್ ಆಗುತ್ತಿತ್ತು. ಅಷ್ಟು ದೊಡ್ಡ ಚಿತ್ರ, ನಿಧಾನವಾಗಿ ಆಗುತ್ತಿತ್ತು. ಆಗ ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ತೆರೆಯಲು ನೋಡಿದೆ. ಫೈಲು ಹಾಳಾಗಿದೆ, ತೆರೆಯಲಾಗುವುದಿಲ್ಲ ಎಂದು ಒಂದು ಸಾಲು ಬಂತು. ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿದೆ. ಹಳೆಯ ಆವೃತ್ತಿಯಲ್ಲಿ ನೋಡಿದೆ. ಪರಿಚಯದವರ ಕಂಪ್ಯೂಟರಿಗೆ ಒಯ್ದು ನೋಡಿದೆ. ಎಲ್ಲೆಡೆ ಅದೇ ಸಾಲು.

ಆಗಲೇ ದೇವೀರಮ್ಮನವರಿಗೆ ಫೋನ್ ಮಾಡಬಹುದಿತ್ತು. ಹೀಗಾಯಿತಮ್ಮ, ನನ್ನ ಉದಾಸೀನದಿಂದ ಹೋಯಿತು, ಮತ್ತೆ ಬಂದು ಕೂರಿ ಎನ್ನಬಹುದಿತ್ತು. ಬರುತ್ತಿದ್ದರು. ಬಯ್ದಾದರೂ ಬರುತ್ತಿದ್ದರು, ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಆಗ ಆ ಮುಖ ಆಕೆಯೊಳಗೆ ಇನ್ನೂ ಹಾಗೇ ಇತ್ತು.

ನನಗೆ ನಾಚಿಕೆಯಾಯಿತು. ‘ಬಂದ್ಬುಟ್ಟ’ ಎಂದವರ ಮುಂದೆ ನಿಂತು, ಕಳೆದುಬಿಟ್ಟೆ ಎಂದು ಹೇಗೆ ಹೇಳುವುದು? ನೆನಪಿನಿಂದಲೇ ಬರೆಯಲು ಕೂತೆ. ಕಿವಿ ಬಂತು, ಹುಬ್ಬು ಬಂತು, ಮುಖ ಬರಲಿಲ್ಲ. ಆಕೆ ಬರುವ ದಿನ ಹತ್ತಿರವಾಯಿತು. ಕೊನೆಗೆ ಐಡಿ ಕಾರ್ಡಿನ ಫೋಟೋಗಳ ಕಡತವನ್ನು ತೆರೆದೆ. ಹುಡುಗರ ಮುಖಗಳು ಸಾಲುಸಾಲಾಗಿ ಬಂದವು. ಅದರಲ್ಲಿ ಹೆಚ್ಚು ಕಡಿಮೆ ಹೋಲುವ ಒಂದು ಮುಖವನ್ನು ಆರಿಸಿ, ಅದರ ಮೇಲೆ ಬಣ್ಣ ಎಳೆದು, ಒಂದು ಕಿವಿಯನ್ನು ಮುಂದಕ್ಕೆ ಬಾಗಿಸಿದೆ. ಯಾರ ಮಗುವೋ! ಅವನ ಹೆಸರನ್ನೂ ನಾನು ನೋಡಲಿಲ್ಲ. ಬದುಕಿ, ಬ್ಯಾಗು ಹೊತ್ತು ಶಾಲೆಗೆ ಹೋಗುತ್ತಿದ್ದ ಹುಡುಗ. ಅವನ ಮುಖಕ್ಕೆ ಸತ್ತವರ ಪಟದ ಕಟ್ಟು ಹಾಕಿಸಿದೆ.

ದೇವೀರಮ್ಮ ಬಂದರು. ಪಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣು ಮುಚ್ಚಿ, ತೆರೆದು, ಮತ್ತೆ ನೋಡಿದರು.

“ಇದಲ್ಲ ಕಣವ್ವ. ಅವತ್ತು ತೋರುಸ್ದಲ್ಲ, ಅವ್ನು ಬೇರೆ ಇದ್ದ.”

“ಅವನೇ ಅಮ್ಮ ಇದು” ಎಂದೆ. “ಅವತ್ತು ನೋಡಿದ್ದೇ. ಬಹಳ ವರ್ಷ ಆಯಿತಲ್ಲ, ನಿಮಗೇ ಮರೆತಿರಬೇಕು.”

ಇಷ್ಟು ನಾನು ಆಡಿದ ಮಾತು. ದನಿ ನಡುಗಲಿಲ್ಲ. ಸಮಾಧಾನ ಹೇಳುವವಳ ಹಾಗೆ ಆಕೆಯ ತೋಳನ್ನೂ ಮುಟ್ಟಿದ್ದೆ.

ಆಕೆ ನನ್ನನ್ನು ನೋಡಿದರು. ನಾನು ಓದಿದವಳು, ಬರೆದವಳು. ಅಷ್ಟು ದಿನ ಪಕ್ಕದಲ್ಲಿ ಕೂತು ಆಕೆಯ ಮಗನನ್ನು ಪರದೆಗೆ ತಂದವಳು. ನಾನೇಕೆ ಸುಳ್ಳು ಹೇಳುತ್ತೇನೆ? “ಇರ್ಬೋದು ಕಣವ್ವ” ಎಂದರು. “ನಂಗೇ ಮರ್ತೋಗಿರ್ಬೇಕು.” ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದರು.

ಪ್ರದರ್ಶನಕ್ಕೆ ನಾನು ಏನನ್ನೂ ಕಳಿಸಲಿಲ್ಲ. ಅದನ್ನೊಂದು ಪ್ರಾಯಶ್ಚಿತ್ತವೆಂದು ಹೇಳಿಕೊಂಡರೆ ಅದೂ ಸುಳ್ಳಾಗುತ್ತದೆ — ಕಳಿಸಲು ನನ್ನ ಬಳಿ ಏನೂ ಇರಲಿಲ್ಲ, ಅಷ್ಟೆ.

ಅದಾದ ಮೇಲೆ ಆಕೆ ಪಾಂಡವಪುರಕ್ಕೆ ಬಂದಾಗಲೆಲ್ಲ ಅಂಗಡಿಗೆ ಇಣುಕುತ್ತಿದ್ದರು. ಒಮ್ಮೆ ಅವರೆಕಾಯಿ ತಂದುಕೊಟ್ಟು, ಮೆಟ್ಟಿಲ ಮೇಲೆ ಕೂತು, ದೂರುವ ದನಿಯಿಲ್ಲದೆ ಹೇಳಿದರು: “ಈಗ ಕಣ್ಮುಚ್ಚುದ್ರೂ ನೀ ಬರ್ದ್ ಮೊಕನೇ ಬತ್ತದೆ ಕಣವ್ವ. ಮೊದ್ಲು ಬೇರೆ ಥರ ಬತ್ತಿತ್ತು. ನೀ ಬರ್ಕೊಡ್ದೆ ಓಗಿದ್ರೆ ತಪ್ ಮೊಕನೇ ನೆನುಸ್ಕೊಂಡು ಸತ್ತೋಯ್ತಿದ್ನೇನೋ.”

ನನಗೆ ಕೃತಜ್ಞತೆ ಹೇಳಲು ಬಂದಿದ್ದರು. ಆ ಅವರೆಕಾಯಿಯನ್ನು ಸುಲಿದು ಸಾರು ಮಾಡಿದೆ. ತಿಂದೆ. ಆಗಲೂ ಬಾಯಿ ಬಿಡಲಿಲ್ಲ.

ಆ ಒಡೆದ ಫೈಲನ್ನು ಮಾತ್ರ ಅಳಿಸಲು ಕೈ ಬರಲಿಲ್ಲ. ಕಂಪ್ಯೂಟರು ಬದಲಾದಾಗಲೂ ಅದನ್ನು ಹೊಸದಕ್ಕೆ ಹಾಕಿಕೊಂಡೆ. ಫೈಲುಗಳು ಯಾಕೆ ಒಡೆಯುತ್ತವೆ, ಒಡೆದವನ್ನು ಹೇಗೆ ತೆರೆಯುವುದು ಎಂದು ಕಲಿಯತೊಡಗಿದೆ. ಯಾರಿಗಾದರೂ ಚಿತ್ರ ತೆರೆಯದೆ ಹೋದರೆ ನನಗೆ ಫೋನ್ ಮಾಡುವಷ್ಟು ಕಲಿತೆ. ಕೆ.ಆರ್. ಪೇಟೆಯ ಸ್ಟುಡಿಯೋ ಒಂದರ ಹುಡುಗಿ ಈಚೆಗೆ ಹಾಗೆಯೇ ಫೋನ್ ಮಾಡಿದಳು. ಗೋವಿಂದನಹಳ್ಳಿ ದೇವಸ್ಥಾನದ ಚಿತ್ರ ಬರೆಯುತ್ತಿದ್ದಳಂತೆ, ಸೇವ್ ಆಗುವಾಗ ಸಾಫ್ಟ್‌ವೇರು ನಿಂತುಹೋಗಿ ಫೈಲು ಹಾಳಾಗಿತ್ತು. ಅಳುತ್ತಿದ್ದಳು. ಅವಳಿಗೆ ದಾರಿ ಹುಡುಕುವಾಗ ನನಗೊಂದು ವಿಷಯ ತಿಳಿಯಿತು: ಇಂಥ ಚಿತ್ರದ ಫೈಲು ನಿಜವಾಗಿ ಒಂದು ಗಂಟು. ಪದರಗಳೆಲ್ಲ ಅದರೊಳಗೆ ಬಿಡಿಬಿಡಿಯಾಗಿ ಇರುತ್ತವೆ. ಗಂಟಿನ ಬಾಯಲ್ಲೇ, ಇಡೀ ಚಿತ್ರ ಹೇಗಿದೆ ಎಂದು ತೋರಿಸುವ ಒಂದು ಪುಟ್ಟ ಪ್ರತಿಯೂ ಇರುತ್ತದೆ. ಫೈಲಿನ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ, ತುಂಡಾದ ಗಂಟನ್ನು ಸರಿಪಡಿಸುವ ಸಾಧನಕ್ಕೆ ಕೊಟ್ಟರೆ, ಉಳಿದದ್ದಷ್ಟು ಹೊರಬರುತ್ತದೆ.

ಅವಳದು ಬಹುಪಾಲು ಬಂತು. ಅವಳು ಫೋನ್ ಇಟ್ಟ ಮೇಲೆ ನಾನು ಚೆಲುವನ ಫೈಲನ್ನು ತೆರೆದೆ.

ಪದರಗಳು ಒಂದೂ ಉಳಿದಿರಲಿಲ್ಲ. ಪುಟ್ಟ ಪ್ರತಿ ಇತ್ತು. ಬೆಂಕಿಪೊಟ್ಟಣದಷ್ಟು. ಏಳುತ್ತಿರುವ ಎಡಗೆನ್ನೆ, ಬಾಗಿದ ಕಿವಿ, ಎತ್ತಿದ ತುಟಿಯಂಚು — ಅದು ನಾನು ಕೊಟ್ಟ ಮುಖವಾಗಿರಲಿಲ್ಲ. ಹತ್ತಿರವೂ ಇರಲಿಲ್ಲ. ಅಷ್ಟು ವರ್ಷವೂ ಅವನು ನನ್ನ ಅಂಗಡಿಯಲ್ಲೇ ಇದ್ದ.

ಮರುದಿನ ಅದನ್ನು ಅಚ್ಚು ಹಾಕಿಕೊಂಡು ಕಿರಂಗೂರಿಗೆ ಹೋದೆ. ದೇವೀರಮ್ಮ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದರು. ನಡುಮನೆಯ ಗೋಡೆಯಲ್ಲಿ ಆ ಪಟ. ಅದಕ್ಕೆ ಹೊಸದಾಗಿ ಮುಡಿಸಿದ ಕನಕಾಂಬರ. ನಾನು ಏನೂ ಹೇಳದೆ ಚಿಕ್ಕ ಚಿತ್ರವನ್ನು ಆಕೆಯ ಕೈಗಿಟ್ಟೆ. ಬೆಳಕಿಗೆ ಹಿಡಿದು ನೋಡಿದರು. ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ — ಈಗ ಗುರುತು ಹಿಡಿಯುತ್ತಾರೆ, ಈಗ ಹಿಡಿಯುತ್ತಾರೆ —

“ಸೆಂದಾಗವ್ನೆ” ಎಂದರು. “ಯಾರ್ ಮಗ ಕಣವ್ವ ಇದು?”

ಆಗ ಹೇಳಿದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪ್ರದರ್ಶನದ ಆಸೆಯನ್ನೂ, ಐಡಿ ಕಾರ್ಡಿನ ಹುಡುಗನನ್ನೂ ಬಿಡದೆ ಹೇಳಿದೆ. ಮುಗಿದ ಮೇಲೆ ಆಕೆ ಗೋಡೆಯ ಪಟದ ಕಡೆ ತಿರುಗಿದರು.

“ಅಂಗಾರೆ ಈ ಮಗ? ಬದ್ಕವ್ನಾ?”

“ಬದುಕಿದ್ದಾನೆ ಅಮ್ಮ. ಈಗ ದೊಡ್ಡವನಾಗಿರಬೇಕು.”

ಆಕೆ ಗಡಬಡಿಸಿ ಸ್ಟೂಲು ಎಳೆದು ಹತ್ತಿದರು. ನಾನು ಹಿಡಿದುಕೊಳ್ಳಲು ಹೋದರೆ ಕೈ ತಳ್ಳಿದರು. ಪಟದ ಮೇಲಿನ ಹೂವನ್ನು ತೆಗೆದು, ಕುಂಕುಮವನ್ನು ಸೆರಗಿನಿಂದ ಒರೆಸಿದರು. “ಬದ್ಕಿರೋ ಮಕ್ಳ ಪಟುಕ್ಕೆ ಇಂಗೆ ಊವ ಆಕ್ಬಾರ್ದು ಕಣವ್ವ. ಎತ್ತೋರ್ಗೆ ಒಳ್ಳೇದಲ್ಲ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಇಷ್ಟು ವರ್ಷ ತಾವು ಯಾರದೋ ಮಗುವಿಗೆ ಕೇಡು ಮಾಡಿದೆವೆಂಬ ಹೆದರಿಕೆ ಆ ಮುಖದಲ್ಲಿತ್ತು. ಅದನ್ನೂ ನಾನೇ ಮಾಡಿಸಿದ್ದೆ.

ಕೆಳಗಿಳಿದು ಚಾಪೆಯ ಮೇಲೆ ಕೂತರು. ಚಿಕ್ಕ ಚಿತ್ರವನ್ನು ಮತ್ತೆ ಎತ್ತಿಕೊಂಡರು.

“ಅಂಗಾರೆ ಅವತ್ತು ನಂಗೆ ಮರ್ತಿರ್ನಿಲ್ಲ?”

“ಇಲ್ಲ ಅಮ್ಮ. ನಿಮಗೆ ಸರಿಯಾಗಿ ನೆನಪಿತ್ತು.”

“ಈಗ ಮರ್ತೋಗದೆ” ಎಂದರು.

ಬಯ್ಯಲಿಲ್ಲ, ಅಳಲಿಲ್ಲ. ನಾನು ಕಾಲು ಹಿಡಿಯಲು ಬಾಗಿದಾಗ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ಕ್ಷಮಿಸಿ ಎಂಬ ಮಾತು ನನ್ನ ಬಾಯಲ್ಲೇ ಉಳಿಯಿತು. ನನ್ನ ಕಡೆ ನೋಡದೆ ಹೇಳಿದರು: “ಇದ್ನ ಇಲ್ಲೇ ಬುಟ್ಟೋಗು. ದಿನಾ ನೋಡ್ತೀನಿ. ನೋಡ್ತಾ ನೋಡ್ತಾ ಬಂದ್ರೂ ಬತ್ತಾನೆ.”

ಅದಾಗಿ ಈಗ ಕೆಲವು ತಿಂಗಳು. ದೇವೀರಮ್ಮ ಅಂಗಡಿಯ ಕಡೆಗೆ ಬಂದಿಲ್ಲ. ನಾನು ಕಿರಂಗೂರಿನ ಬಸ್ಸು ಹತ್ತಿದ್ದೇನೆ, ಆಕೆಯ ಬೀದಿಯವರೆಗೂ ಹೋಗಿದ್ದೇನೆ. ಒಂದು ಸಲ ಜಗಲಿಯ ಮೇಲೆ ಕೂತಿದ್ದರು. ಕೈಯಲ್ಲಿ ಆ ಚಿತ್ರವಿತ್ತು, ಕಣ್ಣು ಮುಚ್ಚಿಕೊಂಡಿದ್ದರು. ಬಂದನೇ ಎಂದು ಕೇಳುವ ಹಕ್ಕು ನನಗಿರಲಿಲ್ಲ. ಅಲ್ಲಿಂದಲೇ ತಿರುಗಿ ಬಂದೆ.