ಕ್ಯಾರಂ ಕೋಣೆಯಲ್ಲೊಂದು ಹಿತ್ತಾಳೆಯ ಪ್ರೋಟೀನು

ಒಂದಾನೊಂದು ಕಾಲ ಅಂತಲೇ ಇಟ್ಟುಕೊಳ್ಳಿ. ಬಾಗಿಲಿಲ್ಲದ, ಕಿಟಕಿಯೂ ಇಲ್ಲದ ಒಂದು ಮನೆ. ಒಳಗಿರುವವರನ್ನು ಕಂಡವರಿಲ್ಲ. ಈ ಕಡೆಯಿಂದ ಬೆಳಕು ಹಾಯಿಸಿದರೆ ಆ ಕಡೆಯ ಗೋಡೆಯ ಮೇಲೆ ಚುಕ್ಕೆಗಳು ಮೂಡುತ್ತವೆ, ಅಷ್ಟೇ. ಆ ಚುಕ್ಕೆ ನೋಡಿಯೇ ಒಳಗಿನವರ ಮೂಗು, ಕಿವಿ, ಬೆರಳು ಎಲ್ಲ ಬರೆದುಕೊಡುತ್ತೇನೆಂದು ಒಬ್ಬ ಟೊಂಕ ಕಟ್ಟಿ ನಿಂತ. ಊರಿಗೆ ಊರೇ ನಕ್ಕಿತು. ಒಬ್ಬಳು ಮಾತ್ರ ನಗಲಿಲ್ಲ.

ಆ ಮನೆಯೆಂದರೆ ಸಾಸಿವೆಗಿಂತ ಚಿಕ್ಕದಾದ ಒಂದು ಹರಳು. ಟೊಂಕ ಕಟ್ಟಿದವರಿಗೆ ಈಗ ಎಂಬತ್ತು ದಾಟಿದೆ. ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಸಂಶೋಧನಾ ಸಂಸ್ಥೆಯ ಸಿಬ್ಬಂದಿ ಕ್ಯಾರಂ ಆಡುವ ಕೋಣೆಯಲ್ಲಿ ಅವರು ಏಣಿ ಹತ್ತಿ, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು, ಹಿತ್ತಾಳೆ ಕಡ್ಡಿಯೊಂದಕ್ಕೆ ಇನ್ನೊಂದನ್ನು ಜೋಡಿಸುತ್ತಿದ್ದಾರೆ. ಅರ್ಧ ಕೋಣೆಯ ತುಂಬ ಅಂಥವೇ ಕಡ್ಡಿಗಳು, ಹೆಣೆದುಕೊಂಡ ಪೊದೆಯ ಹಾಗೆ. ಏಣಿ ಹಿಡಿದಿರುವವರು ಹೆಂಡತಿ.

"ರೀ, ಸ್ಕ್ರೂ ಕಚ್ಕೊಂಡು ಮಾತಾಡಬೇಡಿ. ನುಂಗಿದ್ರೆ ಈ ವಯಸ್ಸಲ್ಲಿ ನಿಮ್ಮದೇ ಎಕ್ಸ್‌-ರೇ ತೆಗೀಬೇಕಾಗುತ್ತೆ!"

ಏಣಿಯ ಮೇಲಿನವರು ಸಂಸ್ಥೆಯಲ್ಲಿ ಎಲ್ಲರಿಗೂ ಮೇಷ್ಟ್ರು. ಓದಿದ್ದು ಭೌತಶಾಸ್ತ್ರ, ಪಳಗಿದ್ದು ಲೋಹದ ಹರಳುಗಳಲ್ಲಿ. ಒಂದು ದಿನ ಯಾರೋ ಕಾಳಿನಿಂದ ತೆಗೆದ ಪ್ರೋಟೀನು ಗಾಜಿನ ತಟ್ಟೆಯಲ್ಲಿ ಕಲ್ಲುಸಕ್ಕರೆಯಂತೆ ಹರಳು ಕಟ್ಟಿದ್ದನ್ನು ಕಂಡರು. ಅಲ್ಲಿಗೆ ಮುಗಿಯಿತು, ಲೋಹ ಬಿಟ್ಟರು. ಆಣ್ವಿಕ ಜೀವವಿಜ್ಞಾನ ಎಂಬ ಮಾತೇ ಹೊಸದಾಗಿದ್ದ ಕಾಲದಲ್ಲಿ ಐದು ಜನರ ತಂಡ ಕಟ್ಟಿ, ಹಳೆಯ ಬಚ್ಚಲುಮನೆಯಲ್ಲಿ ಫಿಲ್ಮು ತೊಳೆಯಲು ಶುರುಮಾಡಿದರು. "ಜೊತೆಯವರು ಏನಂತಿದ್ರು ಗೊತ್ತಾ? ಇವನು ಭೌತಶಾಸ್ತ್ರ ಬಿಟ್ಟು ಕಾಳು ಬೇಯಿಸೋಕೆ ಹೋದ ಅಂತ. ಜೀವಶಾಸ್ತ್ರದವರು, ನಮ್ಮ ಮನೆಗೆ ನಲ್ಲಿ ರಿಪೇರಿಯವನು ಬಂದ ಅಂತಿದ್ರು. ಎರಡೂ ನಿಜವೇ ಬಿಡಿ," ಎನ್ನುತ್ತಾರೆ ಮೇಷ್ಟ್ರು.

ಹರಳಿನ ಮೂಲಕ ಎಕ್ಸ್‌-ರೇ ಹಾಯಿಸಿದರೆ ಫಿಲ್ಮಿನ ಮೇಲೆ ಸಾವಿರಾರು ಚುಕ್ಕೆ. ಯಾವುದು ಎಷ್ಟು ಕಪ್ಪು ಎಂದು ಗೊತ್ತಾದರೆ, ಲೆಕ್ಕ ಹಾಕಿ ಒಳಗಿನ ಅಣುವಿನ ಆಕಾರ ಹಿಡಿಯಬಹುದು. ಆ ಕಪ್ಪನ್ನು ಅಳೆದದ್ದು ಯಂತ್ರವಲ್ಲ, ಮೇಷ್ಟ್ರ ಹೆಂಡತಿಯ ತಂಗಿ. ಕೈಯಲ್ಲೊಂದು ಭೂತಗನ್ನಡಿ, ಪಕ್ಕದಲ್ಲಿ ಹೋಲಿಸಿ ನೋಡಲು ಕಪ್ಪಿನ ಹಂತಗಳ ಒಂದು ಪಟ್ಟಿ. ಏಳು ವರ್ಷ ಅದೇ ಕೆಲಸ ಮಾಡಿದ ಆಕೆಗೆ ತಂಡ ಇಟ್ಟ ಹೆಸರು ಚುಕ್ಕಿ.

ಲೆಕ್ಕ ಮುಗಿದು, ಆ ಅಣುವಿನ ಆಕಾರದ ಹಿತ್ತಾಳೆಯ ಮಾದರಿ ಮುಕ್ಕಾಲು ಎದ್ದು ನಿಂತಾಗ ಬೇರೆ ದೇಶದ ದೊಡ್ಡ ತಂಡವೊಂದು ಅಂಥದೇ ಪ್ರೋಟೀನಿನ ಪೂರ್ತಿ ರೂಪ ಪ್ರಕಟಿಸಿತು. ಇವರ ಕೋಣೆ ಬೇರೆಯವರ ಪಾಲಾಯಿತು, ಕಡ್ಡಿಗಳೂ ಅಣುವಿನ ನಕ್ಷೆಗಳೂ ಪೆಟ್ಟಿಗೆಗಳನ್ನು ಸೇರಿದವು. ಮುಚ್ಚಳಕ್ಕೆ ಮೊಳೆ ಹೊಡೆಯುವಾಗ ಚುಕ್ಕಿ ಅತ್ತದ್ದನ್ನು ಮೇಷ್ಟ್ರು ಮರೆತಿಲ್ಲ. "ಒಂದಲ್ಲ ಒಂದು ದಿನ ಪೂರ್ತಿ ಕಟ್ಟಿ ನಿಲ್ಲಿಸ್ತೀನಿ ಕಣೇ ಅಂದಿದ್ದೆ. ಆಮೇಲೆ ಪಾಠ, ಪರೀಕ್ಷೆ, ಮಕ್ಕಳ ಮದುವೆ. ನೋಡ್ತಾ ನೋಡ್ತಾ ಆಯಸ್ಸೇ ಕಳೀತು."

ಈಗ ಚುಕ್ಕಿಯ ಕಣ್ಣು ಹೋಗುತ್ತಿದೆ. ನೇರ ನೋಡಿದರೆ ಮಸುಕು, ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತದೆ. ಆ ಸುದ್ದಿ ಕೇಳಿದ ವಾರವೇ ಮೇಷ್ಟ್ರು ನಿರ್ದೇಶಕರ ಬಾಗಿಲು ತಟ್ಟಿದರು. ಖಾಲಿಯಿದ್ದದ್ದು ಇದೊಂದೇ ಕೋಣೆ, ಅದೂ ದಿನಾ ಆಟದವರು ಬರುವ ತನಕ. ಅಂದಿನಿಂದ ಮೂವರೂ ಬೆಳಕು ಹರಿಯುವ ಮೊದಲೇ ಬರುತ್ತಾರೆ. ಚುಕ್ಕಿಗೆ ಗೋಡೆ ಬದಿಯ ಕುರ್ಚಿ, ಮಡಿಲಲ್ಲಿ ಸ್ಕ್ರೂ ಡಬ್ಬಿ.

ಎಲ್ಲ ಸಲೀಸಾಗಿ ಸಾಗುತ್ತಿತ್ತು, ಕೊನೆಯ ಪೆಟ್ಟಿಗೆಯ ತನಕ. ಈ ಪ್ರೋಟೀನೆಂದರೆ ಒಂದೇ ಒಂದು ಉದ್ದನೆಯ ಸರಪಣಿ, ಎಲ್ಲೂ ತುಂಡಾಗುವಂತಿಲ್ಲ. ಇಲ್ಲಿ ನೋಡಿದರೆ ಎರಡು ತುದಿಗಳ ನಡುವೆ ಗೇಣಗಲ ಜಾಗ, ಏನು ಮಾಡಿದರೂ ಕೂಡುವುದಿಲ್ಲ. ಲೆಕ್ಕವೇ ತಪ್ಪೇ? ಲೆಕ್ಕ ತಪ್ಪಿದ್ದರೆ ಅದರ ಬುಡ ಇರುವುದು ಅಳತೆಯಲ್ಲಿ. ಅಳತೆಯೆಲ್ಲ ಈ ಹುಡುಗಿಯದು. ಎಪ್ಪತ್ತು ದಾಟಿದವಳು ಅವರಿಗೆ ಇಂದಿಗೂ ಹುಡುಗಿಯೇ. ಮೇಷ್ಟ್ರು ಸ್ಪ್ಯಾನರ್ ಕೆಳಗಿಟ್ಟರು.

"ಏನೋ ಮುಚ್ಚಿಡ್ತಿದ್ದೀರಿ ಭಾವ. ಹೋಗಿರೋದು ನನ್ನ ಕಣ್ಣು, ಕಿವಿಯಲ್ಲ. ಎರಡು ದಿನದಿಂದ ಸ್ಪ್ಯಾನರ್ ಸದ್ದೇ ಇಲ್ಲ."

ಹೇಳಲೇಬೇಕಾಯಿತು. ಚುಕ್ಕಿ ಸ್ಕ್ರೂ ಡಬ್ಬಿಯ ಮುಚ್ಚಳ ಹಾಕಿದರು. "ಹಾಗಾದ್ರೆ ಏಳು ವರ್ಷ ನಾನು ನೋಡಿದ್ದೇ ಸುಳ್ಳಾ?"

ಮೇಷ್ಟ್ರು ಏಣಿ ಹತ್ತಿ, ಸಡಿಲವಾಗಿದ್ದ ಒಂದು ಸ್ಕ್ರೂ ಬಿಗಿಮಾಡತೊಡಗಿದರು. ಕೈ ಅಲ್ಲೇ ನಿಂತಿತು. ಸ್ಕ್ರೂವಿನ ಗೆರೆ ಒಂದು ದಿಕ್ಕಿಗೆ ಸುತ್ತಿದೆ, ಪಕ್ಕದಲ್ಲಿ ಕಡ್ಡಿಗಳಿಂದ ಕಟ್ಟಿದ ಸುರುಳಿ ಅದಕ್ಕೆ ಉಲ್ಟಾ. ಪ್ರೋಟೀನಿನ ಸುರುಳಿ ಎಂದೂ ಹಾಗೆ ಸುತ್ತುವುದಿಲ್ಲ; ಸ್ಕ್ರೂವಿನಂತೆ ಬಲಕ್ಕೇ ಸುತ್ತಬೇಕು. ತಡಬಡಿಸಿ ಇಳಿದು ನಕ್ಷೆಗಳತ್ತ ಹೋದರು. ಮನೆಗೆ ಅಂತಸ್ತುಗಳಿರುವಂತೆ ಅಣುವಿನ ಒಂದೊಂದು ಪದರಕ್ಕೂ ಒಂದೊಂದು ಪಾರದರ್ಶಕ ಹಾಳೆ. ಕೊನೆಯ ಪೆಟ್ಟಿಗೆಯ ಹಾಳೆಗಳನ್ನು ಅವರೇ ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಪೇರಿಸಿದ್ದರು. ಮೇಲಿದ್ದದ್ದು ತಳ ಸೇರಿತ್ತು, ತಳದ್ದು ಮೇಲೆ ಬಂದಿತ್ತು. ಹಾಗಾಗಿ ಅಷ್ಟು ಭಾಗ ಕನ್ನಡಿಯೊಳಗಿನ ಬಿಂಬದಂತೆ ಎಡಬಲ ಅದಲುಬದಲಾಗಿತ್ತು.

"ನಿನ್ನದಲ್ಲ ಕಣೇ! ನಂದು! ತಪ್ಪು ನಂದು!" ಮೇಷ್ಟ್ರು ಕೂಗಿದ ರಭಸಕ್ಕೆ ಕಾವಲಿನವನು ಓಡಿಬಂದ. ತಪ್ಪು ತನ್ನದೆಂದು ಇಷ್ಟು ಖುಷಿಪಟ್ಟವರನ್ನು ಅವನು ಕಂಡಿರಲಿಲ್ಲವಂತೆ.

ಚುಕ್ಕಿ ಸೆರಗಿನಿಂದ ಕಣ್ಣೊತ್ತಿಕೊಂಡು ನಕ್ಕರು. "ಮದುವೆ ದಿನಾನೂ ಬೂಟು ಎಡಬಲ ಅದಲುಬದಲು ಹಾಕ್ಕೊಂಡು ಬಂದವರಲ್ವಾ ನೀವು. ಅಕ್ಕ, ಅವತ್ತೇ ನಿಂಗೆ ಹೇಳಿದ್ದೆ."

"ನಾನು ಕೇಳಿದ್ನಾ? ಅನುಭವಿಸ್ತಿದ್ದೀನಿ," ಎಂದರು ಹೆಂಡತಿ, ಏಣಿ ಹಿಡಿದೇ.

ಬಿಚ್ಚಿ ಕಟ್ಟಲು ಇನ್ನೊಂದು ವಾರ ಹಿಡಿದಿದೆ. ಇವತ್ತು ಆಟದವರು ಬಂದರೂ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಿದ್ದಾರೆ. ಮೇಷ್ಟ್ರು ಏಣಿಯ ಮೇಲಿದ್ದಾರೆ. ಎರಡು ತುದಿಗಳು ಹತ್ತಿರ ಬರುತ್ತವೆ, ಎಳೆಯದೆ, ಬಗ್ಗಿಸದೆ, ತಮ್ಮಷ್ಟಕ್ಕೆ ತಾವೇ ಒಂದರೊಳಗೊಂದು ಕೂರುತ್ತವೆ. ಮೇಷ್ಟ್ರು ಸ್ಕ್ರೂ ಬಿಗಿಮಾಡಿ, ಇಳಿದು, ಏಣಿಯ ಕೊನೆಯ ಮೆಟ್ಟಿಲ ಮೇಲೇ ಕೂರುತ್ತಾರೆ.

ಚುಕ್ಕಿ ಎದ್ದು ಬರುತ್ತಾರೆ. ಮುಖ ಓರೆಮಾಡಿ, ಕಣ್ಣಂಚಿನಲ್ಲಿ ಆ ಹಳದಿ ಹೊಳಪನ್ನು ಒಮ್ಮೆ ನೋಡುತ್ತಾರೆ. ಆಮೇಲೆ ಸರಪಣಿಯ ಮೊದಲ ಕಡ್ಡಿಯ ಮೇಲೆ ಬೆರಳಿಟ್ಟು ನಡೆಯತೊಡಗುತ್ತಾರೆ. ಬೆರಳು ಏರುತ್ತದೆ, ಇಳಿಯುತ್ತದೆ, ಸುರುಳಿ ಸುತ್ತುತ್ತದೆ. ಕೈಗೆ ಎಟುಕದ ಕಡೆ ಅಕ್ಕನೇ ಏಣಿ ಹತ್ತಿಸುತ್ತಾರೆ. ಹೊಸದಾಗಿ ಕೂಡಿದ ಜಾಗವನ್ನೂ ಆ ಬೆರಳು ತಡೆಯದೆ ದಾಟಿ, ಕೊಟ್ಟಕೊನೆಯ ಕಡ್ಡಿಗೆ ಬಂದು ನಿಲ್ಲುತ್ತದೆ.

"ಎಲ್ಲೂ ಕೈ ಎತ್ತಬೇಕಾಗ್ಲಿಲ್ಲ, ಭಾವ."