ನೀಲವ್ವನ ರೊಟ್ಟಿ

ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿರುವ ಗಂಗಾದೇವಿಯ ಮನೆಯಲ್ಲಿ ರೊಟ್ಟಿ ಬುಟ್ಟಿ ಯಾವತ್ತೂ ಬರಿದಾದದ್ದಿಲ್ಲ. ಹಾಗಂತ ಅದೇನು ಉಂಡು ಮಿಕ್ಕುವ ಸಾಹುಕಾರರ ಮನೆಯಲ್ಲ. ಗಂಡ ದುಂಡಪ್ಪ ಬೆಲ್ಲದ ಅಂಗಡಿಯಲ್ಲಿ ದುಡಿಯುತ್ತಾನೆ. ಗಂಗಾದೇವಿ ಪಡಸಾಲೆಯಲ್ಲೇ ಮಶೀನು ಇಟ್ಟುಕೊಂಡು ಸೀರೆಗಳಿಗೆ ಫಾಲು ಹಚ್ಚುತ್ತಾಳೆ, ಪಿಕೋ ಮಾಡುತ್ತಾಳೆ. ಆದರೆ ಬುಟ್ಟಿಯ ತಳದಲ್ಲಿ ಬಿಳಿ ಅರಿವೆ ಸುತ್ತಿದ ಒಂದು ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಇದ್ದೇ ಇರಬೇಕು. ಸೋಮವಾರಕ್ಕೊಮ್ಮೆ ಹಳೆಯದು ಓಣಿಯ ಆಕಳಿಗೆ, ಹೊಸದು ಬುಟ್ಟಿಗೆ. ನಡುವೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಗಂಗಾದೇವಿ ಹಸಿವು ತಾಳದೆ ಅದನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ, ಅರ್ಧ ತಿಂದೇಬಿಟ್ಟಿದ್ದಳು. ಅಬ್ಬಬ್ಬಾ, ಅವತ್ತು ಅತ್ತೆ ಬಾಳವ್ವ ಮಾಡಿದ ರಂಪ! ಉಳಿದರ್ಧವನ್ನು ಸೊಸೆಯ ಕೈಯಿಂದ ಕಸಿದುಕೊಂಡು, "ನಮ್ಮಕ್ಕನ ರೊಟ್ಟಿ ತಿಂದ್ಯಲ್ಲ! ಅಕಿ ಈಗ ಬಂದ್ರ ಏನ ಕೊಡ್ಲಿ?" ಎಂದು ಓಣಿ ಕೇಳುವ ಹಾಗೆ ಕೂಗಿದ್ದಳು. ಅತ್ತೆಗೆ ಒಬ್ಬ ಅಕ್ಕ ಇದ್ದಾಳೆಂಬುದೇ ಗಂಗಾದೇವಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಮೊದಲೇ ಕೆದಕುವ ಬುದ್ಧಿಯವಳು, ಚುರಮುರಿ ಕಟ್ಟಿಕೊಟ್ಟ ಕಾಗದವನ್ನೂ ಓದಿಯೇ ಬಿಸಾಡುವವಳು. ಬೈಗುಳದ ಬಿಸಿ ಆರುವುದನ್ನೇ ಕಾದಿದ್ದು, "ಅತ್ತಿ, ಯಾವ ಅಕ್ಕ್ರಿ?" ಎಂದು ಕೇಳಿದಳು.

ಬಾಳವ್ವನ ತವರು ಬೆಳಗಾವಿ-ಖಾನಾಪುರದ ನಡುವಿನ ದೇಸೂರ. ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮುಂಚೆ ಅಲ್ಲಿ ಇಲಿ ಬಿದ್ದವು. ಇಲಿ ಬಿದ್ದವೆಂದರೆ ಪ್ಲೇಗು ಬಂತು, ಊರು ಬಿಡಬೇಕು ಎಂದರ್ಥ. ಜನ ಮನೆಗೆ ಕೀಲಿ ಹಾಕಿ ಹೊಲದಲ್ಲಿ ಝೋಪಡಿ ಕಟ್ಟಿಕೊಂಡರು. ಬಾಳವ್ವ ಆಗ ಇನ್ನೂ ಸಾಲೆಗೆ ಹೋಗದ ಕೂಸು. ಅಕ್ಕ ನೀಲವ್ವ ಇನ್ನೂ ಸೀರೆ ಕಾಣದ, ಪರಕಾರ ಉಡುವ ಹತ್ತರ ಹುಡುಗಿ. ದಿನಾ ಮಲಗುವ ಮುಂಚೆ ನೀಲವ್ವ ಝೋಪಡಿಯ ಬಾಗಿಲಲ್ಲಿ ಬೂದಿ ಹರವುತ್ತಿದ್ದಳು. ಮುಂಜಾನೆ ಎದ್ದು ಅದರ ಮೇಲೆ ಇಲಿಯ ಹೆಜ್ಜೆ ಮೂಡಿವೆಯೇ ಎಂದು ನೋಡುತ್ತಿದ್ದಳು. ಇಲಿಯೇನೋ ಬರಲಿಲ್ಲ, ಆದರೆ ನೀಲವ್ವನಿಗೇ ಜ್ವರ ಬಂತು. ಸರಕಾರದ ಗಾಡಿ ಬಂದು ದವಾಖಾನೆಗೆ ಒಯ್ಯಿತು. ಅಪ್ಪನೂ ಜ್ವರದಲ್ಲಿ ಬಿದ್ದಿದ್ದರಿಂದ ಅವ್ವನಿಗೆ ಹಿಂದೆ ಹೋಗಲಾಗಲಿಲ್ಲ. ಗಾಡಿ ಬೆಳಗಾವಿಗೆ ಹೋಯಿತೋ ಖಾನಾಪುರಕ್ಕೆ ಹೋಯಿತೋ ಯಾರಿಗೂ ತಿಳಿಯದು. ಅಪ್ಪ ಏಳುವಂತಾದ ಮೇಲೆ ಅವ್ವ ಎರಡೂ ಊರಿಗೆ ಹೋಗಿ ಕೇಳಿದಳು. ಅಂಥ ಹುಡುಗಿ ಬಂದೇ ಇಲ್ಲ ಎಂದರು.

ಸತ್ತವರಿಗೆ ಎಡೆ, ಇದ್ದವರಿಗೆ ರೊಟ್ಟಿ. ಮಾನೌಮಿಗೆ ಹಿರಿಯರ ಹೆಸರಿನಲ್ಲಿ ಎಡೆ ಇಡುವಾಗ ಓಣಿಯ ಹೆಂಗಸರು ನೀಲವ್ವನಿಗೂ ಒಂದು ಇಡು ಎಂದರಂತೆ. ಅವ್ವ ಅವರ ಮೇಲೆ ಹರಿಹಾಯ್ದಳು. "ಸತ್ತಾಳಂತ ನಿಮಗ್ಯಾರು ಹೇಳ್ಯಾರ? ಸುದ್ದಿ ಬರೂತನಕ ನನ್ನ ಮಗಳಿಗೆ ರೊಟ್ಟಿನ." ಅವತ್ತು ಬುಟ್ಟಿಯ ತಳದಲ್ಲಿ ಇಟ್ಟ ರೊಟ್ಟಿ ಅವ್ವ ಸಾಯುವವರೆಗೆ ದೇಸೂರಲ್ಲಿತ್ತು, ಆಮೇಲೆ ಬಾಳವ್ವನ ಜೊತೆ ಬೆಳಗಾವಿಗೆ ಬಂತು.

ಈಗ ಬಾಳವ್ವ ಎಂಬತ್ತು ದಾಟಿದ್ದಾಳೆ. ಬಾಯಿಯಲ್ಲಿ ಒಂದೂ ಹಲ್ಲಿಲ್ಲ, ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ಉಣ್ಣುತ್ತಾಳೆ. ಹಲ್ಲು ಹೋದರೂ ನಾಲಗೆಯ ಹರಿತ ಹೋಗಿಲ್ಲ. ಈಚೆಗೆ ಆಕೆಗೆ ಹತ್ತಿಕೊಂಡಿದ್ದು ಒಂದೇ ಚಿಂತೆ.

"ಗಂಗಾ, ನನ್ನ ಹಿಂದ ನೀ ಏನ ಇಡಾಕಿ? ರೊಟ್ಟಿನೋ ಎಡಿನೋ?"

"ನೀವು ಹೇಳಿದ್ದು ಇಡ್ತೀನ್ರಿ."

"ನನಗ ಗೊತ್ತಿದ್ರ ನಿನ್ನ್ಯಾಕ ಕೇಳ್ತಿದ್ನಿ, ಹುಚ್ಚಿ? ತಿಳಕೊಂಡು ಸಾಯಬೇಕಂತೀನಿ."

ಈ ಚಿಂತೆಯ ನಡುವೆಯೇ ಒಂದು ಕಾದಂಬರಿ ಮನೆಗೆ ಬಂತು. ಪೇಟೆಯ ಮೂಲೆಯಲ್ಲಿ ಕಲಂದರನ ರದ್ದಿ ಅಂಗಡಿಯಿದೆ. ಕನ್ನಡ ಪುಸ್ತಕ ಬಂದರೆ ಆತ ಗಂಗಾದೇವಿಗೆಂದು ತೆಗೆದಿಡುತ್ತಾನೆ; ಆಕೆ ಪ್ರತಿಯಾಗಿ ಅವನ ಹೆಂಡತಿಯ ಸೀರೆಗೆ ಫಾಲು ಹಚ್ಚಿಕೊಡುತ್ತಾಳೆ. ಈ ಸಲ ಕೊಟ್ಟದ್ದಕ್ಕೆ ರಟ್ಟೂ ಇಲ್ಲ, ಹೆಸರೂ ಇಲ್ಲ. ಕೊನೆಯ ಪುಟಗಳನ್ನಂತೂ ಇಲಿ ಕಡಿದು ಹಾಕಿತ್ತು. ಖಾನಾಪುರದ ಕಡೆಯ ಪ್ಲೇಗಿನ ಕಥೆ ಅದು. ಹೂವವ್ವ ಎಂಬ ಹುಡುಗಿಯದು.

ಗಂಗಾದೇವಿ ದಿನಾ ದೀಪ ಹಚ್ಚಿದ ಮೇಲೆ ಅದನ್ನು ಅತ್ತೆಗೆ ಓದಿ ಹೇಳತೊಡಗಿದಳು. ಹಗಲು ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆಂದು ಬಾಳವ್ವ ಹಗಲು ಪುಸ್ತಕ ಮುಟ್ಟಗೊಡುತ್ತಿರಲಿಲ್ಲ. ಮೊದಮೊದಲು ಮುದುಕಿ ಕೂತಲ್ಲೇ ತೂಕಡಿಸುತ್ತಿದ್ದಳು. ಒಂದು ಸಂಜೆ ಗಂಗಾದೇವಿ, "ಮಲಗುವ ಮುಂಚೆ ಹೂವವ್ವ ಝೋಪಡಿಯ ಬಾಗಿಲಿಗೆ ಬೂದಿ ಹರವಿದಳು" ಎಂದು ಓದಿದ್ದೇ ತಡ, ಬಾಳವ್ವ ಗಕ್ಕನೆ ಎದ್ದು ಕೂತಳು.

"ಇನ್ನೊಮ್ಮೆ ಓದು."

ಓದಿದಳು.

"ಇಕಿ ನಮ್ಮಕ್ಕ. ಹೆಸರು ಬದಲ ಮಾಡ್ಯಾರ ನೋಡು, ನಮ್ಮಕ್ಕನ ಇಕಿ!"

ಅಲ್ಲಿಂದ ಮುಂದೆ ತೂಕಡಿಕೆ ಎಲ್ಲಿಯದು? ಹೂವವ್ವನಿಗೆ ಜ್ವರ ಬಂದ ಸಂಜೆ ಬಾಳವ್ವ ಉಣ್ಣಲೇ ಇಲ್ಲ. ಹೂವವ್ವನನ್ನು ಹೊತ್ತ ಗಾಡಿ ದವಾಖಾನೆಯ ಮುಂದೆ ನಿಂತಿತು, ಯಾರೋ ಕಂದೀಲು ಹಿಡಿದು ಹೊರಗೆ ಬಂದರು, ಹೂವವ್ವ ಕಣ್ಣು... ಅಷ್ಟೇ. ಮುಂದೆ ಇಲಿಯ ಹಲ್ಲಿನ ಗುರುತು.

"ಕಣ್ಣು ಏನ ಮಾಡಿದ್ಳು? ತಗದಳೋ ಮುಚ್ಚಿದಳೋ?"

"ಪುಟಾನ ಇಲ್ಲರಿ ಅತ್ತಿ. ಇಲಿ ತಿಂದೈತಿ."

"ಇದರ ಹೆಣಾ ಎತ್ಲಿ, ಆಗೂ ಬಿಡಲಿಲ್ಲ ಈ ಇಲಿ, ಈಗೂ ಬಿಡಲಿಲ್ಲ!" ಬಾಳವ್ವನ ಕಣ್ಣಲ್ಲಿ ನೀರು ಬಂತು. "ಬರದಾಂವ ಯಾರು ಹುಡುಕು. ಬೂದಿ ಸುದ್ದಿ ಅಂವಗ ಯಾರು ಹೇಳಿದ್ರು ಕೇಳು. ಅಕ್ಕನ ಹೇಳಿದ್ರ ಅಕ್ಕ ಉಳದಾಳಂತ ಆತಲ್ಲ?"

ಮಾತು ಸುಳ್ಳಲ್ಲ. ಗಂಗಾದೇವಿಗೂ ತಲೆಯಲ್ಲಿ ಹುಳ ಹೊಕ್ಕಂತಾಯಿತು. ಮರುದಿನ ಪಿಕೋದ ಗಿರಾಕಿಗಳನ್ನು ನಾಳೆ ಬರ್ರಿ ಎಂದು ಸಾಗಹಾಕಿ ಕಲಂದರನ ಅಂಗಡಿಗೆ ಹೋದಳು.

"ಇದು ಯಾರ ಮನಿ ರದ್ದಿ, ಕಲಂದರಭಾಯ್?"

"ಖಾನಾಪುರದ್ದು ವೈನಿ. ಸ್ಟೇಶನ್ ಬಾಜು ಒಬ್ರು ರಿಟೈರ್ ಆದ ಮಾಸ್ತರ ಮನಿ. ಇದ ಪುಸ್ತಕ ಒಂದು ಪೋತಿ ಚೀಲ ತುಂಬ ಇದ್ದುವು. ಬ್ಯಾರೇವು ಎಲ್ಲಾ ಕಾಗದದ ಫ್ಯಾಕ್ಟರಿಗೆ ಹೋದುವು."

"ಒಂದು ಪೋತಿ? ಒಂದ ಪುಸ್ತಕ?"

"ಹೂಂ. ನಾನೂ ಅದನ್ನ ವಿಚಾರ ಮಾಡಿದ್ನಿ. ಒಂದ ಪುಸ್ತಕ ಅಷ್ಟ ಯಾರ ಮನ್ಯಾಗ ಇರ್ತಾವ ಹೇಳ್ರಿ? ಬರದವರ ಮನ್ಯಾಗ!" ಎಂದು ಕಲಂದರ ಬಿದ್ದುಬಿದ್ದು ನಕ್ಕ.

ಅವನು ಹೇಳಿದ ಗುರುತು ಹಿಡಿದು ಗಂಗಾದೇವಿ ಖಾನಾಪುರದ ರೈಲುಗಾಡಿ ಹತ್ತಿದಳು. ಸ್ಟೇಶನ್ನಿನ ಹತ್ತಿರದ ಆ ಮನೆಯ ಬಾಗಿಲು ತೆಗೆದವಳು ಮಾಸ್ತರರ ಸೊಸೆ ಸಪ್ನಾ. "ಯಾ, ಬಸಾ" ಎಂದು ಮರಾಠಿಯಲ್ಲಿ ಒಳಗೆ ಕರೆದವಳು, ಗಂಗಾದೇವಿಯ ಕೈಯಲ್ಲಿದ್ದ ಹರಕು ಪುಸ್ತಕ ಕಂಡದ್ದೇ ನಾಲಗೆ ಕಚ್ಚಿಕೊಂಡು, "ಅಯ್ಯ, ಇದು ಮತ್ತ ಬಂತಾ? ಅಟ್ಟದ ತುಂಬ ಇಲಿ ಆಗಿದ್ದುವು ಅಂತ ನಾನ ಮಾರಿದ್ನಿರಿ" ಎಂದಳು.

ಒಳಗೆ ಚನ್ನಬಸಯ್ಯ ಮಾಸ್ತರರು ಕುರ್ಚಿಯಲ್ಲಿ ಕೂತಿದ್ದರು. ಬಾಳವ್ವನಿಗಿಂತ ಎರಡು ವರ್ಷ ಚಿಕ್ಕವರಿರಬಹುದು. ಯಾರೋ ತಮ್ಮ ಕಾದಂಬರಿ ಓದಿ ಬೆಳಗಾವಿಯಿಂದ ಬಂದಿದ್ದಾರೆಂದು ತಿಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

"ಕುಂದರ್ರಿ, ಕುಂದರ್ರಿ. ನನ್ನ ಪುಸ್ತಕ ಪೂರಾ ಓದಿದವ್ರು ಇಬ್ಬರ ಅದಾರಂತ ತಿಳಕೊಂಡಿದ್ನಿ. ಒಬ್ಬ ಪ್ರೂಫ್ ನೋಡಿದಾಂವ, ಇನ್ನೊಂದು ಇಲಿ."

"ನಾನೂ ಪೂರಾ ಓದಿಲ್ಲರಿ ಅಜ್ಜಾರ, ಇಲಿ ಬಿಟ್ಟಷ್ಟ ಓದೀನಿ" ಎಂದಳು ಗಂಗಾದೇವಿ. ಮಾಸ್ತರರು ಕೆಮ್ಮು ಬರುವಷ್ಟು ನಕ್ಕರು. ನಗೆ ನಿಂತ ಮೇಲೆ ಆಕೆ ಅತ್ತೆಯ ಕಥೆಯನ್ನೆಲ್ಲ ಹೇಳಿ, ತಾನು ಬಂದ ಕೆಲಸವನ್ನು ಮುಂದಿಟ್ಟಳು. "ಬೂದಿ ಹರವೂದು ನಿಮಗ ಯಾರು ಹೇಳಿದ್ರು?"

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

"ತಂಗಿ, ನಾ ಏನ ಹೇಳ್ಲಿ. ಆಗ ಝೋಪಡಿ ಝೋಪಡಿಗೂ ಬೂದಿ ಹರವತಿದ್ರಂತ. ನಮ್ಮವ್ವನೂ ಹರವತಿದ್ಳು. ಅಕಿ ಹೇಳಿದ್ದನ್ನ ಬರದೀನಿ."

"ಹಂಗಾರ ಹೂವವ್ವ?"

"ಯಾರೂ ಅಲ್ಲ. ನಾ ಹುಟ್ಟಿಸಿದಾಕಿ."

ಗಂಗಾದೇವಿಗೆ ಅಳುವೇ ಬಂದಂತಾಯಿತು. ಅತ್ತೆ ಬಾಗಿಲು ನೋಡುತ್ತ ಕೂತಿರುತ್ತಾಳೆ. ಬರಿಗೈಯಲ್ಲಿ ಹೋಗಿ ಏನು ಹೇಳುವುದು? ಆದರೂ ಕೇಳದೆ ಇರಲಾಗಲಿಲ್ಲ. "ಅಕಿ ಕಡೀಕ ಉಳೀತಾಳೇನ್ರಿ?"

"ಉಳೀತಾಳ." ಮಾಸ್ತರರ ದನಿ ಸಣ್ಣದಾಯಿತು. "ಸಾಯಿಸಬೇಕಂತನ ಬರಿಯಾಕ ಕುಂತಿದ್ನಿ, ಸಾಯೂದ ಖರೇ ಅನಸತಿತ್ತು. ನಮ್ಮ ಮನ್ಯಾಗೂ ಆ ವರ್ಷ ಇಬ್ಬರು ಹೋದ್ರು. ಆದ್ರ ಕೈ ಏಳಲಿಲ್ಲ. ಕಾಗದದ ಮ್ಯಾಲರ ಒಬ್ಬಾಕಿ ಉಳೀಲಿ ಅಂತ ಬಿಟ್ಟೆ."

ಅಟ್ಟದ ಮೇಲಿನ ಪೋತಿ ಹೋದರೂ ಅವರ ತಲೆದಿಂಬಿನ ಕೆಳಗೆ ಒಂದು ಪ್ರತಿ ಉಳಿದಿತ್ತು. ಅದನ್ನು ಮಾತ್ರ ಯಾರಿಗೂ ಕೊಡುವುದಿಲ್ಲ ಎಂದರು, ಕೈಗೂ ಕೊಡಲಿಲ್ಲ. ತಾವೇ ತೆರೆದು ಹಿಡಿದರು. ಗಂಗಾದೇವಿ ಮೊಬೈಲಿನಲ್ಲಿ ಕೊನೆಯ ಪುಟಗಳ ಫೋಟೋ ಹೊಡೆದುಕೊಂಡಳು.

ಹಿಂದಿರುಗುವ ಗಾಡಿಗೆ ಕಾಯುತ್ತ ಆಕೆ ದುಂಡಪ್ಪನಿಗೆ ಫೋನು ಮಾಡಿದಳು. ಅವನದು ಯಾವಾಗಲೂ ಸಲೀಸು ದಾರಿ. "ಅದರಾಗೇನೈತಿ? ಆ ಹುಡುಗಿ ನಿಮ್ಮಕ್ಕನ, ಉಳದಾಳ ಅಂತ ಹೇಳಿಬಿಡು. ಅವ್ವಗ ಸಮಾಧಾನ ಆಗ್ತದ."

ದೇಸೂರ ಬಂದಾಗ ಗಂಗಾದೇವಿ ಕಿಟಕಿಗೆ ಮುಖ ಆನಿಸಿ ನೋಡಿದಳು. ಹೊಲದಲ್ಲಿ ಸೋಯಾ ಬೆಳೆದಿತ್ತು, ಯಾರೋ ಬೈಕು ನಿಲ್ಲಿಸಿ ಫೋನಿನಲ್ಲಿ ಜಗಳ ಆಡುತ್ತಿದ್ದರು. ಝೋಪಡಿಗಳು ಎಲ್ಲಿದ್ದವೋ ಏನೋ. ಗಂಡನ ಮಾತು ಆಕೆಯ ಬಾಯಿಗೂ ಬಂದಿತ್ತು. ಒಂದು ಸುಳ್ಳು ಹೇಳಿದರೆ ಮುದುಕಿ ಸುಖವಾಗಿ ಕಣ್ಣು ಮುಚ್ಚಿಯಾಳು. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಅನ್ನಬಾರದೆಂದೇ ಅಲ್ಲವೆ ಆ ತಾಯಿ ಓಣಿಯನ್ನೆಲ್ಲ ಎದುರು ಹಾಕಿಕೊಂಡು ಎಡೆ ಇಡದೆ ಹೋದದ್ದು? ಆ ಹಠವನ್ನು ತಾನು ಒಂದು ಸುಳ್ಳಿನಿಂದ ಹಾಳು ಮಾಡುವುದೇ? ಗಂಗಾದೇವಿಗೆ ಅದು ಸರಿ ಕಾಣಲಿಲ್ಲ.

ಮನೆಗೆ ಬಂದಾಗ ಬಾಳವ್ವ ಆಗಲೇ ದೀಪ ಹಚ್ಚಿಸಿ ಕೂತಿದ್ದಳು. "ಸಿಕ್ಕನೇನ? ಏನಂದ? ಮೊದಲ ಓದು, ಆಮ್ಯಾಲ ಹೇಳು. ಆ ಹುಡುಗಿ ಇನ್ನೂ ಗಾಡ್ಯಾಗ ಅದಾಳ, ಪಾಪ."

ಗಂಗಾದೇವಿ ಕೈಕಾಲು ತೊಳೆದುಕೊಂಡು ಬಂದು ಮೊಬೈಲು ತೆಗೆದಳು. ಹೂವವ್ವ ಕಣ್ಣು ತೆರೆದಳು. ಜ್ವರ ಇಳಿಯಿತು. ಮನೆಯವರನ್ನು ಹುಡುಕಿಕೊಂಡು ಹೊರಟರೆ ಝೋಪಡಿಗಳು ಎದ್ದುಹೋಗಿದ್ದವು. ದವಾಖಾನೆಯ ದಾಯಿಯೊಬ್ಬಳು ಕರೆದುಕೊಂಡು ಹೋಗಿ ಸಾಕಿದಳು. ಹುಡುಗಿ ದೊಡ್ಡವಳಾದಳು, ಮದುವೆಯಾದಳು, ಹಡೆದಳು. ಕೊನೆಯ ಪುಟದಲ್ಲಿ ತಲೆ ಹಣ್ಣಾದ ಹೂವವ್ವ ಬಿಸಿಲಿಗೆ ಕೂತು ಮೊಮ್ಮಗಳ ತಲೆ ಹಿಕ್ಕುತ್ತ ಬೂದಿಯ ಕಥೆ ಹೇಳುತ್ತಿದ್ದಳು.

ಬಾಳವ್ವ ಉಸಿರು ಬಿಟ್ಟಳು. ಗಂಗಾದೇವಿ ಆಕೆಯ ಕೈ ಹಿಡಿದುಕೊಂಡಳು.

"ಅತ್ತಿ, ಖರೇ ಹೇಳ್ತೀನ್ರಿ. ಇಕಿ ನಿಮ್ಮಕ್ಕ ಅಲ್ಲ. ಬೂದಿ ಎಲ್ಲಾರೂ ಹರವತಿದ್ರಂತ. ಮಾಸ್ತರ ಮನಸಿನಿಂದ ಕಟ್ಟಿ ಬರದಾರ."

ಅತ್ತೆ ಬೈದರೂ ಸರಿ, ಅತ್ತರೂ ಸರಿ, ಏನಾದರೂ ಆಗಲಿ ಎಂದು ಗಂಗಾದೇವಿ ಜೀವ ಬಿಗಿಹಿಡಿದು ಕೂತಳು.

"ಅಂದ್ರ ಸುದ್ದಿ ಬರಲಿಲ್ಲ."

"ಇಲ್ಲರಿ."

"ಹೂಂ." ಬಾಳವ್ವ ಏನೋ ಹೊಸದು ಹೊಳೆದವಳಂತೆ ಸೊಸೆಯ ಕಡೆ ತಿರುಗಿದಳು. "ತಲಿ ಹಣ್ಣಾತು ಅಂತ ಬರದಾನಲ್ಲ?"

"ಹೌದ್ರಿ, ಪುಸ್ತಕದಾಗ."

"ನಮ್ಮಕ್ಕಂದೂ ಆಗಿರ್ತೈತಿ, ಇದ್ರ. ನನಗಿಂತ ದೊಡ್ಡಾಕಿ ಅಕಿ. ನೋಡ, ನಾ ಮುದುಕಿ ಆದ್ನಿ, ಅಕಿನ್ನ ಮಾತ್ರ ಇಷ್ಟು ವರ್ಷ ಪರಕಾರದಾಗ ನಿಲ್ಲಿಸಿ ಬಿಟ್ಟೀನಿ. ಎಂಥಾ ಹುಚ್ಚಿ ನಾ!" ಎಂದು ತನ್ನ ಬೊಚ್ಚು ಬಾಯಿಯನ್ನು ಸೆರಗಿನಿಂದ ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗಂಗಾದೇವಿಗೆ ತಿಳಿಯಲಿಲ್ಲ. "ಅಕಿ ಬಾಯಾಗ ಹಲ್ಲ ಎಲ್ಲಿ ಉಳದಿರ್ತಾವ? ಕಟಕ ರೊಟ್ಟಿ ಹ್ಯಾಂಗ ಕಡೀತಾಳ?"

ಗಂಗಾದೇವಿ ಅತ್ತೆಯ ಮುಖ ನೋಡಿದಳು.

"ಏನ ನೋಡ್ತಿ? ಬುಟ್ಟ್ಯಾಗಿಂದು ತಗಿ. ಅದನ್ನ ನೀ ತಿನ್ನು, ಅವತ್ತ ಅರ್ಧಕ್ಕ ಕಸಗೊಂಡಿದ್ನಿ. ನಾಳಿಂದ ದಿನಾ ಮೆತ್ತಂದು ಇಡು. ನನ್ನ ಹಿಂದನೂ ಹಂಗ."

ಗಂಗಾದೇವಿ ಬುಟ್ಟಿಯ ತಳದಿಂದ ರೊಟ್ಟಿ ತೆಗೆದು, ಮುರಿದು, ಚಟ್ನಿ ಹಚ್ಚಿಕೊಂಡು ಅತ್ತೆಯ ಮುಂದೆಯೇ ಕೂತು ಪೂರ್ತಿ ತಿಂದಳು. ಮರುದಿನ ಮುಂಜಾನೆ ತಟ್ಟುವಾಗ ಎರಡು ರೊಟ್ಟಿಗಳನ್ನು ಬೇಗ ಹಂಚಿನಿಂದ ಇಳಿಸಿ, ಬಿಸಿ ಇರುವಾಗಲೇ ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು. ಒಂದು ತಂಗಿಗೆ, ಒಂದು ಅಕ್ಕನಿಗೆ.