ಬಾತುಗಳು ತಂಗುವ ದಿಬ್ಬ

ಹಿನ್ನೀರಿನಲ್ಲಿ ಹಕ್ಕಿ ನೋಡಲು ಯಾವ ಜಾಗ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಇಂದಿಗೂ ತಡವರಿಸುತ್ತೇನೆ. ಹುಟ್ಟಿ ಬೆಳೆದದ್ದೇ ಮರಿಯಮ್ಮನಹಳ್ಳಿ ಕಡೆಯ ನೀರಂಚಿನಲ್ಲಿ; ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತು ಎನ್ನಲು ನಾಲಿಗೆ ಏಳುವುದಿಲ್ಲ.

ಅರವತ್ತರ ದಶಕದ ಕೊನೆಯ ಮಾತು. ನಾನಾಗ ಎಂಟನೇ ಕ್ಲಾಸಿನ ಹುಡುಗಿ. ಡ್ಯಾಮಿನ ನೀರು ಕಾಲುವೆಗೆ ಹರಿದಂತೆಲ್ಲ ಹಿನ್ನೀರು ಹಿಂದೆ ಸರಿಯುತ್ತಿತ್ತು. ಅತ್ತ ಕಂಪ್ಲಿಯವರು ಭತ್ತ ಬೆಳೆದರೆ, ಇತ್ತ ನಾವು ನೀರು ಬಿಟ್ಟುಹೋದ ಹಸಿ ನೆಲದಲ್ಲಿ ಕಡಲೆ ಬಿತ್ತುತ್ತಿದ್ದೆವು. ಚಳಿಗಾಲಕ್ಕೆ ಎಲ್ಲಿಂದಲೋ ಬರುವ ಬಾತುಗಳು ನಾವು ಏಳುವಷ್ಟರಲ್ಲಿ ಮೊಳಕೆ ಮೇಯ್ದು ಮಾಯವಾಗಿರುತ್ತಿದ್ದವು. ಎಷ್ಟೋ ರಾತ್ರಿ ಹೊಲದಲ್ಲೇ ಕಾದು ಡಬ್ಬ ಬಾರಿಸಿ ಬಾರಿಸಿ ಅಪ್ಪ ಸೋತಿದ್ದ. ಹಗಲಲ್ಲಿ ಅವು ಎಲ್ಲಿ ತಂಗುತ್ತವೆಂದು ಅವನಿಗೆ ತಿಳಿಯದು. ನನಗೆ ಗೊತ್ತಿತ್ತು: ಜಾಲಿ ಪೊದೆಗಳ ಆಚೆ, ನೀರಿನ ನಡುವೆ ಎದ್ದ ಮಣ್ಣಿನ ದಿಬ್ಬ. ಯಾಕೆ ಹೇಳಲಿಲ್ಲವೋ! ಮೊಳಕೆ ತಿಂದವೆಂದು ಸಿಟ್ಟೂ ಬರುತ್ತಿತ್ತು, ಕತ್ತು ಮಡಚಿ ಮಲಗಿದ್ದನ್ನು ಕಂಡರೆ ಮುದ್ದೂ ಬರುತ್ತಿತ್ತು.

ಆ ವರ್ಷ ಹೊಸಪೇಟೆಯ ಮಾಸ್ತರರೊಬ್ಬರು ಭಾನುವಾರದ ಬಸ್ಸಿಗೆ ಬರತೊಡಗಿದರು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ನೋಟ್‌ಬುಕ್ಕು. ಬರೀ ಹಕ್ಕಿ ನೋಡಲು ಇಷ್ಟು ದೂರ ಬರುವವರೂ ಇದ್ದಾರೆಂದು ನನಗೆ ನಂಬಿಕೆಯೇ ಬರಲಿಲ್ಲ.

“ಹಗಲೆಲ್ಲಾ ಈ ಬಾತು ಎಲ್ಲಿರ್ತಾವ ತಂಗಿ?”

“ಯಾರಿಗೂ ಹೇಳಬ್ಯಾಡ್ರಿ ಮತ್ತ,” ಎಂದು ಕರೆದುಕೊಂಡು ಹೋದೆ. ಅವರು ದುರ್ಬೀನನ್ನು ನನ್ನ ಕೈಗೆ ಕೊಟ್ಟರು. ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟೆ. ಒಂದು ಬಾತು ನನ್ನನ್ನೇ ನೋಡುತ್ತಿದೆ ಎನಿಸಿ ನಾಚಿ ಕೆಳಗಿಳಿಸಿದೆ.

ಮೂರು ದಿನಕ್ಕೆ ಒಂದು ಜೀಪು ಬಂತು. ಕೋವಿ ಹಿಡಿದ ನಾಲ್ವರು ಯಾರನ್ನೂ ದಾರಿ ಕೇಳದೆ ನೇರವಾಗಿ ದಿಬ್ಬದ ಕಡೆ ನಡೆದರು. ಸದ್ದು ಕೇಳಿ ನಾನು ಓಡಿದಾಗ ನೀರಿನ ಮೇಲೆ ಪುಕ್ಕಗಳು ತೇಲುತ್ತಿದ್ದವು.

ಮಾಸ್ತರರದೇ ಕೆಲಸ ಅಂದುಕೊಂಡೆ. ಮುಂದಿನ ಭಾನುವಾರ ಜಗಳಕ್ಕೇ ಕಾದು ನಿಂತಿದ್ದೆ. ಅವರು ಖಾಲಿ ದಿಬ್ಬವನ್ನು, ಅಲ್ಲಿ ಬಿದ್ದ ತೋಟಾಗಳನ್ನು ನೋಡಿ, ನನಗಿಂತ ಮೊದಲು ಕೇಳಿದರು:

“ಯಾರಿಗೆ ಹೇಳಿದಿ ತಂಗಿ?”

“ನೀವ ಹೇಳೀರಿ!”

ಅವರ ಕಣ್ಣು ತುಂಬಿತು. ಸುಳ್ಳು ಹೇಳುವವರ ಕಣ್ಣು ಹಾಗೆ ತುಂಬುತ್ತದೆಯೇ? ನನಗೆ ಏನೂ ತಿಳಿಯದಾಯಿತು. ನನ್ನನ್ನು ನಂಬಬೇಕೋ ಬಿಡಬೇಕೋ ಅವರಿಗೂ ತಿಳಿಯಲಿಲ್ಲವೇನೋ. ದುರ್ಬೀನನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನ ಕಡೆ ಹೋದರು. ಮತ್ತೆ ಬರಲಿಲ್ಲ.

ಆ ಸಲ ಕಡಲೆ ಸೊಂಪಾಗಿ ಬಂತು. ಕಾಯಿ ಬಲಿತಾಗ ಅಪ್ಪ ಹೊಲದಲ್ಲೇ ಬೆಂಕಿ ಮಾಡಿ, ಗಿಡಗಳನ್ನು ಸುಟ್ಟು, ಬಿಸಿ ಕಡಲೆಯನ್ನು ಊದಿ ನನ್ನ ಬೊಗಸೆಗೆ ಸುರಿದ. ಭಾಳ ದಿನದ ಮೇಲೆ ಅವನ ಮುಖದಲ್ಲಿ ನಗು.

“ನೀನು ಮಾಸ್ತರನ್ನ ಕರ್ಕೊಂಡು ಹೋದ ದಿನ ನಿಮ್ಮ ಹಿಂದ ಬಂದಿದ್ದೆ ಯವ್ವಾ. ಇಲ್ಲಂದ್ರ ಆ ಜಾಗ ನನಗ ಯಾವಾಗ ಸಿಗತಿತ್ತು? ಕೋವಿಯವ್ರಿಗೆ ನಾನ ಹೇಳಿ ಕರಸಿದೆ.”

ಕೂಗಾಡಬೇಕೆನಿಸಿತು, ಅಳಬೇಕೆನಿಸಿತು. ಆಗಲೇ ಬಸ್ಸಿಗೆ ಹೋಗಿ ಮಾಸ್ತರರಿಗೆ ಹೇಳಿಬರಬೇಕೆನಿಸಿತು. ಅವರ ಹೆಸರನ್ನು, ಮನೆ ಇರುವ ಓಣಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

“ತಿನ್ನು, ಆರತಾವ,” ಎಂದ ಅಪ್ಪ.

ತಿಂದೆ. ರುಚಿಯಾಗಿದ್ದವು. ಮುಗಿದ ಮೇಲೆ ಮತ್ತೆ ಕೈ ಚಾಚಿದೆ.